ಎರಡು ಕಾಲಿಗೆ ಒಂದೇ ಅಡಿಕೆ

ಇದನ್ನು ಬರೆದಿಡಬೇಕೆಂದು ಮೊದಲ ನೋಟ್‌ಬುಕ್ ತಂದು ಎಷ್ಟು ವರ್ಷವಾಯಿತೋ ನೆನಪಿಲ್ಲ. ಅದರಲ್ಲಿ ಮೊಮ್ಮಗಳು ಗಣಿತ ಮಾಡಿ ಮುಗಿಸಿದಳು. ಎರಡನೆಯದಕ್ಕೆ ಗೆದ್ದಲು ಹಿಡಿಯಿತು. ಇದು ಮೂರನೆಯದು. ಮುಂದೂಡಲು ನನಗೆ ಕಾರಣ ಯಾವಾಗಲೂ ಸಿಕ್ಕಿದೆ. ಸಂಬಂಧಪಟ್ಟವರು ಬದುಕಿದ್ದಾರೆ, ಅವರಿಗೆ ನೋವಾದೀತು ಎಂದು ಕೆಲವು ವರ್ಷ ಸುಮ್ಮನಿದ್ದೆ. ಅವರು ಯಾರೂ ಉಳಿದಿಲ್ಲ, ಇನ್ನು ಹೇಳಿ ಆಗಬೇಕಾದ್ದೇನು ಎಂದು ಮತ್ತೆ ಕೆಲವು ವರ್ಷ. ಈಗ ನನಗೇ ಹೆಚ್ಚು ದಿನ ಉಳಿದಿಲ್ಲ. ಇದರಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ, ನನ್ನದನ್ನೂ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಬನವಾಸಿ ಕಡೆಯ ಹಳ್ಳಿಯಿಂದ ಬಂದ ನಾನು ಶಿರಸಿಯಲ್ಲಿ ಅಕ್ಕನ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿದ್ದೆ. ಕಚೇರಿ ಕೆಲಸ ಸಿಗಲಿಲ್ಲ. ಅಕ್ಕನ ಗಂಡ, ಎಂದರೆ ನನ್ನ ಭಾವ, ಯಲ್ಲಾಪುರ ರಸ್ತೆಯ ಅಂಚಿನಲ್ಲಿ ತಗಡಿನ ಶೆಡ್ ಹಾಕಿ ಗಾಡಿ ರಿಪೇರಿ ಮಾಡುತ್ತಿದ್ದರು. ಶೆಡ್ಡಿನ ಹಿಂದೆಯೇ ಎರಡು ಕೋಣೆಯ ಮನೆ. ಬೇರೆ ದಾರಿ ಕಾಣದೆ ನಾನೂ ಅವರ ಜೊತೆ ಪಾನಾ, ಎಂದರೆ ಸ್ಪ್ಯಾನರ್, ಹಿಡಿದೆ. ನಾಲ್ಕೈದು ವರ್ಷದಲ್ಲಿ ಕೆಲಸ ಕಲಿತೆ, ಮದುವೆಯಾಯಿತು, ಹತ್ತಿರದಲ್ಲೇ ಬಾಡಿಗೆ ಮನೆ ಹಿಡಿದೆ. ಲಾರಿ ಕೆಲಸ ಬಹಳ ಇರುತ್ತಿತ್ತು. ಆಗ ಜನ ಫಟಫಟಿ ಎನ್ನುತ್ತಿದ್ದ ಮೋಟಾರ್ ಸೈಕಲ್ಲುಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹುಡುಕಿದರೂ ಕೈಬೆರಳಲ್ಲಿ ಎಣಿಸುವಷ್ಟು. ಅವೆಲ್ಲವೂ ಭಾವನ ಕೈಗೇ ಬರುತ್ತಿದ್ದವು.

ಭಾವ ಹುಬ್ಬಳ್ಳಿಯಲ್ಲಿ ಕೆಲಸ ಕಲಿತವರು. ಮಾತು ಕಡಿಮೆ. ಎಂಜಿನ್ನಿನ ಶಬ್ದ ಕೇಳಿ ಯಾವ ಭಾಗ ಸವೆದಿದೆ ಎಂದು ಹೇಳುತ್ತಿದ್ದರು. ಒಂದು ಸಲ ಸಾಣೆಚಕ್ರದಿಂದ ಕಿಡಿ ಹಾರಿ ಅವರ ಬಲಗಣ್ಣಿಗೆ ಬಿತ್ತು. ವಾರ ಬಟ್ಟೆ ಕಟ್ಟಿಕೊಂಡಿದ್ದು ಬಿಚ್ಚಿದರು. ಹೊರಗಿನಿಂದ ನೋಡಿದರೆ ಕಣ್ಣಿಗೆ ಏನೂ ಆದಂತಿರಲಿಲ್ಲ. ಕೇಳಿದವರಿಗೆಲ್ಲ ‘ಅರಾಮ ಐತಿ’ ಎಂದರು.

ಒಂದು ದಿನ ಹಿತ್ತಲ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದ ಅಕ್ಕ ನನ್ನನ್ನು ಕರೆದಳು.

“ತಮ್ಮಾ, ಅವರಿಗೆ ಸಣ್ಣ ಗೆರಿ ಕಾಣವಲ್ದು. ಸೂಜಿಗೆ ದಾರ ಏರಿಸಿ ಕೊಡ್ರಿ ಅಂದ್ರ ಸಿಟ್ಟಿಗೆದ್ದು ಹೊರಗ ಹೋದ್ರು. ಸ್ಕೇಲ್ ಪಟ್ಟಿ ಡ್ರಾವರಿನ್ಯಾಗ ಇಟ್ಟು ಎಷ್ಟ ದಿನ ಆತು, ತಗದಿಲ್ಲ. ನೀ ನೋಡಿಯಿಲ್ಲ?”

“ನೋಡೇನಿ. ಕೇಳಲೇನು ಅವರಿಗೆ?”

“ಬ್ಯಾಡ! ಕಣ್ಣು ಹೋತು ಅಂತ ಅವರ ಬಾಯಿಲೆ ಹೇಳ್ಸಿದ್ರ ಅವತ್ತ ಅವರು ಮೂಲಿ ಹಿಡಿತಾರ. ನೀ ಕೇಳಬ್ಯಾಡ, ಯಾರಿಗೂ ಹೇಳಬ್ಯಾಡ. ಸುಮ್ಮ ಬಾಜೂಕ ನಿಂತು ನೋಡ್ಕೋತ ಇರು. ಅವರ ಕಣ್ಣು ನೀ ಆಗಬೇಕು.”

“ಆಗ್ತೀನಿ ಅಕ್ಕಾ,” ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ.

ಭಾವನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಎರಡು ಕಡೆ ಸಮ ಬರಬೇಕಾದ ಕೆಲಸ ಏನಿದ್ದರೂ ಅವರು ಅಳೆಯುತ್ತಿದ್ದದ್ದು ಅಡಿಕೆಯಿಂದ. ಎಲೆಯಡಿಕೆಯ ಕವಳದ ಸಂಚಿಯಿಂದ, ಬೇಯಿಸದೆ ಒಣಗಿಸಿ ಸುಲಿದ ಒಂದು ಇಡಿ ಚಾಲಿ ಅಡಿಕೆ ಆರಿಸಿ, ಬೆರಳಲ್ಲಿ ತಿರುಗಿಸಿ ನೋಡಿ, ಅದನ್ನು ಆ ಕೆಲಸಕ್ಕೆಂದು ಬೆಂಚಿನ ಮೇಲೆ ಇಡುತ್ತಿದ್ದರು. ಒಂದು ಕಡೆ ಅದನ್ನೇ ಇಟ್ಟು ಕೂಡಿಸುವುದು, ಇನ್ನೊಂದು ಕಡೆಯೂ ಅದನ್ನೇ ಇಟ್ಟು ಕೂಡಿಸುವುದು. ಎಷ್ಟು ಇಂಚು ಎನ್ನುವುದು ಮುಖ್ಯವಲ್ಲ, ಎರಡೂ ಕಡೆ ಒಂದೇ ಆದರೆ ಸಾಕು ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಅಡಿಕೆಯನ್ನು ಕತ್ತರಿಸಿ ಕವಳ ಹಾಕುತ್ತಿದ್ದರು. ಆ ಅಡಿಕೆ ಅವರ ಬಾಯಿಗೆ ಬಿದ್ದರೆ ಗಾಡಿ ತಯಾರು ಎಂದು ಗಿರಾಕಿಗಳಿಗೂ ಗೊತ್ತಿತ್ತು. ಹುಬ್ಬಳ್ಳಿಯಿಂದಲೇ ಬಂದ ಅಭ್ಯಾಸ ಅದು. ಕಣ್ಣಿಗೆ ಕಿಡಿ ಬಿದ್ದ ಮೇಲೆ ಅವರಿಗೆ ಅದೊಂದೇ ಆಸರೆಯಾಯಿತು. ಅಡಿಕೆಯನ್ನು ಬೆರಳು ನೋಡುತ್ತದೆ, ಕಣ್ಣು ಬೇಕಾಗುವುದಿಲ್ಲ.

ನಮ್ಮ ಗಿರಾಕಿಗಳಲ್ಲಿ ಒಬ್ಬರು ದನದ ಡಾಕ್ಟರು. ಮಂಚಿಕೇರಿ ಕಡೆಯವರು. ನಗುಮುಖ, ದೊಡ್ಡ ಗಂಟಲು. ಮಿಲಿಟರಿಯವರು ಮಾರಿದ ಹಳೆಯ ಫಟಫಟಿಯೊಂದನ್ನು ಎಲ್ಲಿಂದಲೋ ತರಿಸಿಕೊಂಡು ಮೂರೂ ತಾಲೂಕು ಸುತ್ತುತ್ತಿದ್ದರು. ಜಲ್ಲಿ ಎದ್ದ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಹೋದರೆ ಅದರ ಹ್ಯಾಂಡಲ್ ಎರಡೂ ಕಡೆ ತಟತಟ ಹೊಡೆದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಅವರು ಕಾಗದದಲ್ಲಿ ಸುತ್ತಿದ ಒಂದು ಸಾಮಾನು ತಂದು ಬೆಂಚಿನ ಮೇಲೆ ಇಟ್ಟರು.

“ಮಿಸ್ತ್ರಿ, ಇದ್ನ ನೋಡಿ. ಹುಬ್ಳಿ ಗುಜರಿಯಲ್ಲಿ ಸಿಕ್ಕಿದ್ದು. ಡ್ಯಾಂಪರ್ ಅಂತೆ. ನನ್ನ ಗಾಡಿ ತಲೆ ಅಲ್ಲಾಡ್ಸೂದು ಇದ್ರಿಂದ ನಿಲ್ತದೆ ಹೇಳಿ ಅವ ಆಣೆ ಮಾಡಿ ಕೊಟ್ಟ.”

ಭಾವ ಅದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದರು. ಗೇಣುದ್ದದ ಕೊಳವೆ, ಅದರೊಳಗೆ ಬಿಗಿಯಾಗಿ ಜಾರುವ ಸರಳು, ಬಿಗಿ ಹೆಚ್ಚುಕಡಿಮೆ ಮಾಡಲು ಒಂದು ತಿರುಪು. ಒಂದು ತುದಿ ಚೌಕಟ್ಟಿಗೆ, ಇನ್ನೊಂದು ತುದಿ ಮುಂದಿನ ಫೋರ್ಕಿಗೆ. ಹ್ಯಾಂಡಲ್ ಗಕ್ಕನೆ ಹೊಡೆದುಕೊಳ್ಳಲು ಹೋದರೆ ಇದು ತಡೆಯುತ್ತದೆ.

“ಕೂಡಸ್ಬೋದ್ರಿ,” ಎಂದರು ಭಾವ. “ಆದ್ರ ಕ್ಲಾಂಪ್ ಹಿಡ್ಯಾಕ ಜಾಗಾ ಇಲ್ಲ. ಫೋರ್ಕಿನ ಕಾಲು ಎರಡೂ ಕೆಳಗ ಇಳಿಸಬೇಕಾಗ್ತೈತಿ.”

“ನಾ ನೋಡೂದು ನಾಲ್ಕು ಕಾಲಿಂದು. ಎರಡು ಕಾಲಿನ ಜಾನುವಾರು ನಿಮ್ಮ ಪಾಲಿಂದು. ಹೆಂಗೆ ಬೇಕಾದ್ರೂ ಮಾಡಿ, ಮಧ್ಯಾಹ್ನದ ಒಳಗೆ ಸಿದ್ದಾಪುರಕ್ಕೆ ಹೋಗ್ಬೇಕು.”

ಗೊತ್ತಿಲ್ಲದವರಿಗೆ ಒಂದು ಮಾತು. ಮುಂದಿನ ಗಾಲಿಯನ್ನು ಎರಡು ಉದ್ದ ಕೊಳವೆಗಳು ಹಿಡಿದಿರುತ್ತವೆ. ಅವನ್ನೇ ಫೋರ್ಕಿನ ಕಾಲು ಎನ್ನುತ್ತಿದ್ದೆವು. ಹ್ಯಾಂಡಲ್ ಕೆಳಗೆ ಅವನ್ನು ಕಚ್ಚಿ ಹಿಡಿದಿರುವ ಹಿಡಿಕೆಗಳ, ಎಂದರೆ ಕ್ಲಾಂಪುಗಳ, ಬೋಲ್ಟು ಸಡಿಲಿಸಿದರೆ ಆ ಗಾಡಿಯಲ್ಲಿ ಕಾಲುಗಳನ್ನು ಮೇಲೆ ಕೆಳಗೆ ಜಾರಿಸಬಹುದಿತ್ತು. ಎರಡೂ ಸಮ ಇರಬೇಕು. ಒಂದು ಉದ್ದ ಒಂದು ಗಿಡ್ಡವಾದರೆ ಗಾಲಿಯ ಅಚ್ಚು ಓರೆಯಾಗುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮೇಲಿನ ಹಿಡಿಕೆಯಿಂದ ಕೊಳವೆಯ ತಲೆ ಎಷ್ಟು ಮೇಲೆ ಬಂದಿದೆ ಎಂದು ನೋಡಿ ಸಮ ಮಾಡಬೇಕು.

ಭಾವ ಸಂಚಿಯಿಂದ ಅಡಿಕೆ ಆರಿಸಿದರು. ಮುಂದಿನ ಗಾಲಿ ಬಿಚ್ಚಿ ಎಡಗಾಲನ್ನು ತಾವೇ ಇಳಿಸಿದರು. ಹಿಡಿಕೆಯ ಮೇಲೆ ಅಡಿಕೆ ಇಟ್ಟು, ಕೊಳವೆಯ ತಲೆಗೂ ಅಡಿಕೆಯ ತಲೆಗೂ ಹೆಬ್ಬೆರಳು ಆಡಿಸಿ, ಸಮವಾದ ಮೇಲೆ ಬೋಲ್ಟು ಬಿಗಿದರು. ಅಷ್ಟರಲ್ಲಿ ಎಕ್ಕಂಬಿ ಹತ್ತಿರ ಲಾರಿಯೊಂದು ನಡುರಸ್ತೆಯಲ್ಲಿ ನಿಂತಿದೆ ಎಂದು ಅದರ ಕ್ಲೀನರ್ ಬಂದ.

“ಬಲಗಾಲು ನೀ ಕೂಡಿಸು,” ಎಂದು ನನಗೆ ಹೇಳಿ ಭಾವ ಅಡಿಕೆಯನ್ನು ಬೆಂಚಿನ ಮೇಲೆ ಇಟ್ಟರು. “ಅಡಿಕಿ ಇಲ್ಲೈತಿ ನೋಡು. ನಾ ಬಂದು ನೋಡಿದ ಮ್ಯಾಲೆ ಗಾಡಿ ಕೊಡು. ಡಾಕ್ಟ್ರ, ಸ್ವಲ್ಪ ಕುಂದರ್ರಿ, ಬಂದ್ನಿ.” ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಡಾಕ್ಟರು ಸ್ಟೂಲಿನ ಮೇಲೆ ಕೂತರು. ಅಕ್ಕ ಒಳಗಿನಿಂದ ಎಲೆಯಡಿಕೆಯ ತಬಕು ತಂದು ಅವರ ಮುಂದೆ ಇಟ್ಟು ಹೋದಳು. ಅವತ್ತು ಅವಳ ಮಗುವಿಗೆ ಜ್ವರ. ಅವಳ ಲಕ್ಷ್ಯವೆಲ್ಲ ಅಲ್ಲೇ ಇತ್ತು. ತಬಕಿನಲ್ಲಿ ಎಲೆ ಇತ್ತು, ಸುಣ್ಣ ಇತ್ತು, ಅಡಕತ್ತರಿ ಇತ್ತು. ಅಡಿಕೆ ಇರಲಿಲ್ಲ.

ಡಾಕ್ಟರು ಗಟ್ಟಿಯಾಗಿ ನಕ್ಕರು. “ಎಂತ ಮಾರಾಯ ಇದು! ಶಿರಸಿಯಲ್ಲಿ ಕೂತು ಅಡಿಕೆ ಇಲ್ಲದ ತಬಕು ನೋಡಿದ್ದು ಇದೇ ಮೊದ್ಲು. ಎಲ್ಲಾ ಮುಂಬಯಿಗೆ ಕಳಿಸಿಬಿಟ್ರಾ ಹೆಂಗೆ?”

ಬಂದವರಿಗೆ ಅಡಿಕೆಯಿಲ್ಲದ ತಬಕು ಇಡುವುದೆಂದರೆ ನಮ್ಮಲ್ಲಿ ಸಣ್ಣ ಅವಮಾನವಲ್ಲ. ಕೈ ತಾನಾಗಿ ಬೆಂಚಿಗೆ ಹೋಯಿತು. ಅಲ್ಲಿದ್ದ ಅಡಿಕೆಯನ್ನು ಎತ್ತಿ, ಅಡಕತ್ತರಿಯಲ್ಲಿ ನಾಲ್ಕು ಹೋಳು ಮಾಡಿ ತಬಕಿನಲ್ಲಿ ಹಾಕಿದೆ. ಡಾಕ್ಟರು ಎರಡು ತೆಗೆದುಕೊಂಡು ಉಳಿದದ್ದನ್ನು ನನ್ನ ಕಡೆ ತಳ್ಳಿದರು. ಒಂದನ್ನು ನಾನೂ ಬಾಯಿಗೆ ಹಾಕಿಕೊಂಡೆ. ಪಾನಾ ಹಿಡಿದು ಬಲಗಾಲಿನ ಬೋಲ್ಟಿಗೆ ಕೈ ಹಾಕಿದಾಗಲೇ ಗೊತ್ತಾದದ್ದು. ಅಳತೆ ನನ್ನ ಹಲ್ಲಿನ ನಡುವೆ ಇತ್ತು.

ಸರಿಪಡಿಸುವುದು ಕಷ್ಟವಿರಲಿಲ್ಲ. ಸ್ಕೇಲು ಡ್ರಾವರಿನಲ್ಲೇ ಇತ್ತು, ನನ್ನ ಕಣ್ಣು ಚೆನ್ನಾಗಿತ್ತು. ಎಡಗಾಲಿನ ತಲೆ ಅಳೆದು ಬಲಗಾಲಿಗೆ ಅಷ್ಟೇ ಇಟ್ಟರೆ ಆಗುತ್ತಿತ್ತು. ಆದರೆ ಭಾವ ಬಂದು ‘ಅಡಿಕಿ ಎಲ್ಲಿ?’ ಎಂದು ಕೇಳುತ್ತಾರೆ. ಡಾಕ್ಟರ ಎದುರು ‘ತಿಂದೆ’ ಎನ್ನಬೇಕು. ಮೂರು ತಾಲೂಕಿಗೂ ಡಾಕ್ಟರು ಆ ನಗೆಯನ್ನು ಹೊತ್ತುಕೊಂಡು ಹೋಗುತ್ತಾರೆ, ಅಳತೆಯನ್ನೇ ಅಗಿದು ತಿಂದ ಮೆಕ್ಯಾನಿಕ್ ಎಂದು. ಮ್ಯಾಟ್ರಿಕ್ ಓದಿದ ನನಗೆ ಆ ನಗೆ ಬೇಡವಾಗಿತ್ತು. ಒಳಗೆ ಹೋಗಿ ಅಕ್ಕನ ಡಬ್ಬಿಯಿಂದ ಅಂದಾಜಿಗೆ ಅಷ್ಟೇ ದಪ್ಪದ ಇನ್ನೊಂದು ಅಡಿಕೆ ತಂದೆ. ಬೆರಳಿಗೆ ಅಷ್ಟೇ ಅನಿಸಿತು. ಅದನ್ನೇ ಇಟ್ಟು ಬಲಗಾಲು ಕೂಡಿಸಿದೆ. ಹೊಸ ಅಡಿಕೆಯನ್ನು ಎಡಗಾಲಿನ ತಲೆಗೆ ಒಮ್ಮೆ ಹಿಡಿದು ನೋಡಬಹುದಿತ್ತು. ನೋಡಲಿಲ್ಲ. ವ್ಯತ್ಯಾಸ ಕಂಡುಬಿಟ್ಟರೆ ಎಂಬ ಭಯ.

ಗಾಲಿ ಕೂಡಿಸುವಾಗ ಅಚ್ಚು ಸಲೀಸಾಗಿ ಹೋಗಲಿಲ್ಲ. ಮರದ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟೆ. ಹೋಯಿತು.

ಭಾವ ಬಂದಾಗ ಮಧ್ಯಾಹ್ನವಾಗಿತ್ತು. ಮೈಯೆಲ್ಲ ಧೂಳು. ಕೈ ತೊಳೆದು ಬಂದು ಬೆಂಚಿನ ಮೇಲಿನ ಅಡಿಕೆ ಎತ್ತಿಕೊಂಡರು. ಬೆರಳಲ್ಲಿ ಒಂದು ಸುತ್ತು ತಿರುಗಿಸಿದವರು ಅಲ್ಲೇ ನಿಂತರು.

“ಅದ ಅಡಿಕಿ ಹೌದಲ್ಲೋ?”

“ಹೌದ್ ಭಾವ, ಅದ.”

ಇಷ್ಟೇ ನಾನು ಮಾಡಿದ್ದು. ಹೊಟ್ಟೆಗಿಳಿದ ಅಡಿಕೆ ಮರೆವು. ಅಚ್ಚಿಗೆ ಕೊಟ್ಟ ಪೆಟ್ಟು ಸೋಮಾರಿತನ. ಇದು ಹಾಗಲ್ಲ. ಅವರ ಬೆರಳಿಗೆ ಅನುಮಾನ ಬಂದಿತ್ತು. ಆ ಅನುಮಾನ ಸರಿಯಾಗಿತ್ತು. ನಾನು ಅದನ್ನು ಸುಳ್ಳು ಮಾಡಿದೆ.

ಅವರು ಬಲಗಾಲಿಗೆ ಅಡಿಕೆ ಹಿಡಿದು ಹೆಬ್ಬೆರಳು ಆಡಿಸಿದರು. ಬರೋಬ್ಬರಿ ಇತ್ತು. ಎಡಗಾಲು ತಾವೇ ಬಿಗಿದದ್ದು, ಅದನ್ನು ಮತ್ತೆ ಮುಟ್ಟಲಿಲ್ಲ. ಡ್ಯಾಂಪರ್ ಕೂಡಿಸಿ ತಿರುಪು ಬಿಗಿದರು. ಒಂದು ಸುತ್ತು ಓಡಿಸಿ ಬಂದರು. ಡ್ಯಾಂಪರಿನ ಬಿಗಿಯಲ್ಲಿ ಎಳೆತ ಗೊತ್ತಾಗಲಿಲ್ಲ. ಆಮೇಲೆ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು, “ಮುಗೀತ್ರಿ ಡಾಕ್ಟ್ರ, ಹೊರಡ್ರಿ,” ಎಂದರು.

ನಾಲ್ಕು ದಿನ ಬಿಟ್ಟು ಡಾಕ್ಟರು ಸಿದ್ದಾಪುರದಿಂದ ಬಂದು ಎಂಜಿನ್ ನಿಲ್ಲಿಸದೆಯೇ ಹೇಳಿದರು. “ತಲೆ ಅಲ್ಲಾಡ್ಸೂದು ನಿಂತದೆ ಮಿಸ್ತ್ರಿ. ಆದ್ರೆ ತಿರುಪು ಸಡ್ಲ ಮಾಡಿದ್ರೆ ಒಂದ್ ಬದಿಗೆ ಎಳೀತದಲ್ಲ?”

“ಹೊಸಾದು ಕೂಡೂತನಾ ಹಂಗ ಇರ್ತೈತ್ರಿ. ಇನ್ನೊಂದ ಸುತ್ತು ಬಿಗಿ ಮಾಡಿ ಕೊಡ್ತೀನಿ,” ಎಂದರು ಭಾವ. ಬಿಗಿ ಮಾಡಿಕೊಟ್ಟರು.

ನಾನು ಅಲ್ಲೇ ಟಯರಿಗೆ ಗಾಳಿ ಹೊಡೆಯುತ್ತಿದ್ದೆ. ಎಳೆತ ಎಲ್ಲಿಂದ ಎಂದು ಆ ಕ್ಷಣ ನನಗೆ ತಿಳಿದಿತ್ತು. ಪಂಪಿನ ಹಿಡಿಕೆ ಒತ್ತುತ್ತಲೇ ಇದ್ದೆ. ಟಯರು ಕಲ್ಲಿನಂತಾಗಿತ್ತು. ಡಾಕ್ಟರು ಮಂಚಿಕೇರಿ ದಾರಿ ಹಿಡಿದರು. ನಾಳೆ ಹೇಗಾದರೂ ಗಾಡಿ ತರಿಸಿ, ಭಾವ ಊಟಕ್ಕೆ ಹೋದಾಗ ಸರಿಮಾಡಿಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ನಾಳೆ ಬಂದದ್ದು ಲಾರಿ. ಹಿಂಭಾಗದಲ್ಲಿ ಗೋಣಿಯ ಮೇಲೆ ಡಾಕ್ಟರು, ಅವರ ಬದಿಗೆ ಗಾಡಿ. ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂತಂತೆ. ಇವರು ಬಲಕ್ಕೆ ತಿರುಗಿಸಲು ನೋಡಿದರೆ ಬಿಗಿದ ಹ್ಯಾಂಡಲ್ ತಿರುಗಲಿಲ್ಲ, ಗಾಡಿ ಎಡಕ್ಕೇ ಎಳೆದುಕೊಂಡು ಹೋಗಿ ಮೋರಿಗೆ ಬಿತ್ತು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಅವರನ್ನು ಆಸ್ಪತ್ರೆಯಲ್ಲಿ ಇಳಿಸಿ ಗಾಡಿಯನ್ನು ನಮ್ಮ ಶೆಡ್ಡಿಗೆ ತಂದು ಇಳಿಸಿದರು. ಜನ ಸೇರಿದರು.

ಡಾಕ್ಟರ ಸ್ನೇಹಿತರಾದ ಬಸ್ ಡಿಪೋದ ಫೋರ್‌ಮನ್ ಬಂದರು. ಆ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ನಾನು ಅರ್ಜಿ ಹಾಕಿ ತಿಂಗಳಾಗಿತ್ತು. ಹೆಂಡತಿ ಆರು ತಿಂಗಳ ಬಸುರಿ. ಆ ಅರ್ಜಿ ನೋಡಬೇಕಾದವರು ಅವರೇ. ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಫೋರ್ಕಿನ ಎರಡೂ ತಲೆ ಅಳೆದರು. ಮತ್ತೊಮ್ಮೆ ಅಳೆದರು.

“ಮಿಸ್ತ್ರೀ, ಎಡಗಾಲಿಗೂ ಬಲಗಾಲಿಗೂ ಕಾಲು ಇಂಚು ಫರಕ್ ಐತಿ. ಬೀಳೂ ಪೆಟ್ಟಿಗೆ ಜಾರಿದ್ದಲ್ಲ ಇದು, ಕ್ಲಾಂಪಿನ ಗುರುತು ಹಂಗ ಐತಿ. ಕೂಡ್ಸಿದ್ದು ಯಾರು?”

ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಅಷ್ಟರಲ್ಲಿ ಭಾವ ಮುಂದೆ ಬಂದರು.

“ಎಡಗಾಲು ನಾನು. ಬಲಗಾಲು ಇಂವ ಕೂಡಿಸ್ದ. ಅದನ್ನ ನಾ ಅಡಿಕಿ ಹಿಡದು ನೋಡೇನಿ, ಬರೋಬ್ಬರಿ ಇತ್ತು.” ಅವರು ನಿಧಾನವಾಗಿ ಹೇಳುತ್ತಿದ್ದರು, ಲೆಕ್ಕ ಬಿಡಿಸುವವರ ಹಾಗೆ. “ಅಂದಮ್ಯಾಲೆ ತಪ್ಪಿದ್ದು ಎಡಗಾಲು. ಅದು ನಂದ.” ಕೈ ಎತ್ತಿ ಬಲಗಣ್ಣು ಒರೆಸಿಕೊಂಡರು. “ಕಣ್ಣು ಹೋಗೇತ್ರಿ ನಂದು. ಯಾರಿಗೂ ಹೇಳಿದ್ದಿಲ್ಲ.”

“ಕುರುಡನ ಕೈಯಲ್ಲಿ ಗಾಡಿ ಕೊಟ್ರೆ ಮತ್ತೆಂತ ಆಗ್ತದೆ ಮಾರಾಯ,” ಎಂದು ಗುಂಪಿನಲ್ಲಿ ಒಬ್ಬ ಹೇಳಿದ. ಯಾರೋ ನಕ್ಕರು.

ಅಕ್ಕ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಅವಳು ಗಂಡನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ‘ನೀ ಬಾಜೂಕ ಇದ್ದಿಯಿಲ್ಲ?’ ಎಂದು ಕೇಳುವ ಹಾಗಿತ್ತು ಆ ನೋಟ. ನಾನು ನೆಲ ನೋಡಿದೆ.

ಮರುದಿನ ಭಾವ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಕೈಯಲ್ಲಿ ಮೋಸಂಬಿಯ ಚೀಲ ನಾನು ಹಿಡಿದಿದ್ದೆ. ಡಾಕ್ಟರ ಕಾಲಿಗೆ ತೂಕ ಕಟ್ಟಿ ತೂಗುಬಿಟ್ಟಿದ್ದರು. ಭಾವ ಮಂಚದ ಕಬ್ಬಿಣ ಹಿಡಿದು, “ನನ್ನ ಕಣ್ಣಿನ ತಪ್ಪು ನಿಮ್ಮ ಕಾಲಿಗೆ ಬಂತ್ರಿ,” ಎಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ನೋವಿನಲ್ಲೂ, “ಬಿಡಿ ಮಿಸ್ತ್ರಿ, ಬೇಕಂತ ಮಾಡಿದ್ದಲ್ಲ,” ಎಂದರು. ನಾನು ಚೀಲದಿಂದ ಮೋಸಂಬಿ ಒಂದೊಂದೇ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದೆ. ಆಗ ಹೇಳಿದ್ದರೆ ಡಾಕ್ಟರು ಬೈಯುತ್ತಿದ್ದರು, ಭಾವ ಹೊಡೆಯುತ್ತಿದ್ದರೋ ಏನೋ. ಅವರ ಕೈ ಅವರಿಗೆ ಉಳಿಯುತ್ತಿತ್ತು. ನಾನು ಜೋಡಿಸಿದ ಹಣ್ಣನ್ನೇ ಮತ್ತೆ ಜೋಡಿಸಿದೆ.

ಮುಂದಿನ ವಾರ ಡಿಪೋದಿಂದ ಕರೆ ಬಂತು. “ಆ ಶೆಡ್ಡಿನ್ಯಾಗ ಇದ್ದು ಹಾಳಾಗಬ್ಯಾಡ, ಬಾ,” ಎಂದರು ಫೋರ್‌ಮನ್. ಹೋದೆ.

ಭಾವನ ಶೆಡ್ಡು ಮಳೆಗಾಲ ಮುಗಿಯುವ ಮೊದಲೇ ಮುಚ್ಚಿತು. ಗಿರಾಕಿ ಬರುವುದು ನಿಂತಿತು ಎಂದಲ್ಲ, ಒಬ್ಬಿಬ್ಬರು ಬರುತ್ತಿದ್ದರು. ಅವರೇ ಕೈ ಹಾಕುತ್ತಿರಲಿಲ್ಲ. ಬೋಲ್ಟು ಬಿಗಿದು ಸಡಿಲಿಸುವರು, ಮತ್ತೆ ಬಿಗಿಯುವರು. ಕೊನೆಗೆ, “ಬ್ಯಾರೆ ಕಡೆ ತೋರ್ಸ್ರಿ,” ಎಂದು ಕಳಿಸುವರು. ಪಾನಾಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿಟ್ಟು ಬನವಾಸಿ ಕಡೆ ತಮ್ಮ ಊರಿಗೆ ಹೋದರು. ಅಲ್ಲಿ ಅಕ್ಕ ಇವರ ಪಾಲಿನ ತುಂಡು ಗದ್ದೆಯಲ್ಲಿ ಕೆಲಸಕ್ಕೆ ನಿಂತಳು.

ನಾನು ಹಬ್ಬಕ್ಕೆಂದು ಹೋದಾಗ ನೋಡಿದ್ದನ್ನು ಹೇಳುತ್ತೇನೆ. ಭಾವನ ಎಡಗಣ್ಣು ಚೆನ್ನಾಗಿಯೇ ಇತ್ತು, ಬಲಗಣ್ಣಿಗೂ ಮಸುಕಾಗಿ ಕಾಣುತ್ತಿತ್ತು. ಆದರೂ ಅಂಗಿಯ ಗುಂಡಿ ಹಾಕಿಕೊಂಡು, “ನೋಡು, ಸರಿ ಬಂದಾವೇನು?” ಎಂದು ಅಕ್ಕನನ್ನು ಕರೆಯುತ್ತಿದ್ದರು. ಬಾಗಿಲ ಚಿಲಕ ಹಾಕಿ, “ಬಿದ್ದೈತೇನು ನೋಡು,” ಎನ್ನುತ್ತಿದ್ದರು. ಹಗಲು ಹೊತ್ತಿನಲ್ಲಿ, ತಾವು ಹುಟ್ಟಿ ಬೆಳೆದ ಊರಿನಲ್ಲಿ, ಕಾಲುವೆ ದಾಟಲು ಹೆಂಡತಿಯ ಕೈ ಹಿಡಿಯುತ್ತಿದ್ದರು. ಕಣ್ಣು ಹೋಗಿರಲಿಲ್ಲ. ಕಣ್ಣಿನ ಮೇಲಿನ ನಂಬಿಕೆ ಹೋಗಿತ್ತು. ಅದನ್ನು ತೆಗೆದವನು ನಾನು. ವಾಪಸು ಕೊಡಲು ಒಂದು ಮಾತು ಸಾಕಿತ್ತು. ಊಟ ಮಾಡಿ, ಅಕ್ಕ ಕಟ್ಟಿಕೊಟ್ಟ ಹೋಳಿಗೆಯ ಬುತ್ತಿ ಹಿಡಿದು, ಮೋಟಾರು ಹತ್ತಿ ಬರುತ್ತಿದ್ದೆ.

ಅಡಿಕೆ ಬಾಯಿಗೆ ಹಾಕುವುದನ್ನು ಆಗಲೇ ಬಿಟ್ಟಿದ್ದೆ. ಹಲ್ಲು ನೋವು ಎಂದು ಜನರಿಗೆ ಹೇಳುತ್ತಿದ್ದೆ. ಡಿಪೋದಲ್ಲಿ ಪ್ರತಿ ಅಳತೆಯನ್ನೂ ಮೂರು ಸಲ ಸ್ಕೇಲಿನಲ್ಲಿ ನೋಡುತ್ತಿದ್ದೆ. ಬಹಳ ನಂಬಿಗಸ್ತ ಕೆಲಸಗಾರ ಎಂದು ಹೆಸರು ಬಂತು.

ಹೀಗೆ ಆರೇಳು ವರ್ಷ ಕಳೆದವು. ಡಿಪೋದ ಕೆಲಸದ ಮೇಲೆ ಯಲ್ಲಾಪುರಕ್ಕೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಡಾಕ್ಟರು ಸಿಕ್ಕರು. ಊರುಗೋಲು ಹಿಡಿದು ಒಂದು ಕಾಲು ಎಳೆದು ನಡೆಯುತ್ತಿದ್ದರು. ಹಳ್ಳಿ ತಿರುಗುವುದು ಬಿಟ್ಟು ಆಸ್ಪತ್ರೆಯ ಕೋಣೆಯಲ್ಲೇ ಕೆಲಸವಂತೆ. ಅದೇ ದೊಡ್ಡ ಗಂಟಲಲ್ಲಿ, “ಓಹೋ, ಅಡಿಕೆ ಕೊಟ್ಟ ಪುಣ್ಯಾತ್ಮ!” ಎಂದು ನನ್ನ ಬೆನ್ನು ತಟ್ಟಿದರು. ಅವರಿಗೆ ನೆನಪಿದ್ದದ್ದು ಆ ತಬಕು ಮಾತ್ರ. ಚಹಾದಂಗಡಿಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ.

ಅವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ, “ಆ ಅಡಿಕೆ ಅರ್ಧ ತಿಂದವ ನಾನಲ್ವಾ. ನನ್ನ ಕಾಲಿನ ಲೆಕ್ಕ ಬಿಟ್ಟಾಕು,” ಎಂದರು. ಎದ್ದು ನಿಂತು ಊರುಗೋಲಿನಿಂದ ನನ್ನ ಮೊಳಕಾಲಿಗೆ ಮೆಲ್ಲಗೆ ಚುಚ್ಚಿದರು. “ಆ ಮಿಸ್ತ್ರಿ ನನ್ನ ಮಂಚದ ಹತ್ರ ನಿಂತು ಅತ್ತಿದ್ದು ನಾ ಮರೆತಿಲ್ಲ. ನೀ ಅಲ್ಲೇ ಹಣ್ಣು ಜೋಡಿಸ್ತಾ ಇದ್ಯಲ್ಲೋ ಮಾರಾಯ. ಹೋಗು. ಇವತ್ತೇ ಹೋಗಿ ಅವರಿಗೆ ಹೇಳು.”

ಅವತ್ತೇ ಹೋಗಲಿಲ್ಲ. ಹದಿನೈದು ದಿನ ಬಿಟ್ಟು ಹೋದೆ. ಭಾವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಅವರ ಕಾಲ ಹತ್ತಿರ ಕೂತು, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ. ಅಡಿಕೆ ಕತ್ತರಿಸಿದ್ದು, ಬೇರೆ ತಂದಿದ್ದು, ‘ಅದ’ ಎಂದಿದ್ದು. “ನಿಮ್ಮ ಎಡಗಾಲು ಸರಿ ಇತ್ತು ಭಾವ. ನಿಮ್ಮ ಕಣ್ಣು ತಪ್ಪಿಲ್ಲ. ತಪ್ಪು ಮಾಡ್ದಾವ ನಾನು. ಕ್ಷಮಾ ಮಾಡ್ರಿ.”

ಭಾವ ನಕ್ಕರು. ಸಿಟ್ಟಿನ ನಗೆಯಲ್ಲ. ಮಕ್ಕಳ ಮಾತಿಗೆ ನಗುವ ಹಾಗೆ.

“ಯಾರು ಹೇಳಿ ಕಳಿಸಿದ್ರೋ ನಿನಗ? ನಿಮ್ಮಕ್ಕನ?”

“ಯಾರೂ ಇಲ್ಲ. ಖರೇನ ಹೇಳಾಕತ್ತೀನಿ.”

“ನನ್ನ ಸಮಾಧಾನಕ್ಕ ಎಷ್ಟ ಚಂದ ಕತಿ ಕಟ್ಕೊಂಡು ಬಂದೀಯೋ ತಮ್ಮಾ. ನೀ ಮೊದಲಿಂದ ಒಳ್ಳೆ ಹುಡುಗ. ಬ್ಯಾಡ. ನನಗ ಗೊತ್ತೈತಿ, ಎಡಗಾಲು ನನ್ನ ಕೈಲೇ ತಪ್ಪೈತಿ. ಅವತ್ತ ನನಗ ಎರಡೆರಡ ಕಾಣಾಕತ್ತಿತ್ತು.”

“ಭಾವ, ನಿಮ್ಮ ಬೆರಳಿಗೆ ಅನುಮಾನ ಬಂದಿತ್ತು. ‘ಅದ ಅಡಿಕಿ ಹೌದಲ್ಲೋ’ ಅಂತ ನೀವ ಕೇಳಿದ್ರಿ. ನೆನಪ ಮಾಡ್ಕೋರಿ!”

“ನಾ ದಿನಾ ಕೇಳ್ತಿದ್ನಿ ಅದನ್ನ,” ಎಂದರು.

ಅಕ್ಕ ಒಳಬಾಗಿಲಲ್ಲಿ ನಿಂತದ್ದು ಆಗ ಕಂಡಿತು. ಯಾವಾಗ ಬಂದಳೋ, ಎಲ್ಲಿಂದ ಕೇಳಿದಳೋ. ಕೈಯಲ್ಲಿ ತಬಕು. ಅವಳು ನನಗೆ ಅಲ್ಲ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು.

“ಅವತ್ತ ತಬಕಿನ್ಯಾಗ ಅಡಿಕಿ ಇಡೂದು ನಾ ಮರ್ತಿದ್ನಿ.”

“ನೋಡು, ನೋಡು,” ಎಂದು ಭಾವ ಇನ್ನೂ ಜೋರಾಗಿ ನಕ್ಕರು. “ಅಕ್ಕ ತಮ್ಮ ಕೂಡೇ ಕಟ್ಯಾರ ಕತಿ.”

ಅಕ್ಕ ಬಂದು ತಬಕನ್ನು ನನ್ನ ಮುಂದೆ ಇಟ್ಟಳು. ಎಲೆ ಇರಲಿಲ್ಲ, ಸುಣ್ಣ ಇರಲಿಲ್ಲ. ನಡುವೆ ಒಂದು ಇಡಿ ಅಡಿಕೆ ಇತ್ತು. ಇಟ್ಟು, ಗಂಡನ ಅಂಗಿಯ ಮೇಲಿನ ಗುಂಡಿ ಸರಿಮಾಡಿ ಒಳಗೆ ಹೋದಳು. ಅವತ್ತು ಊಟಕ್ಕೆ ಬಡಿಸಿದಳು. ಬುತ್ತಿ ಕಟ್ಟಲಿಲ್ಲ.

ಭಾವ ಸಾಯುವವರೆಗೂ ತಮ್ಮ ಕಣ್ಣೇ ತಪ್ಪಿದ್ದು ಎಂದು ನಂಬಿದ್ದರು. ಕೊನೆಯ ದಿನಗಳಲ್ಲೂ ನೀರಿನ ಲೋಟ ಕೈಗೆ ಕೊಟ್ಟರೆ, “ಲೋಟನ ಹೌದಲ್ಲ?” ಎಂದು ಕೇಳಿ ಬಾಯಿಗೆ ಇಡುತ್ತಿದ್ದರಂತೆ. ನಾನು ಕೇಳಿದ ಕ್ಷಮೆಯನ್ನು ಅವರು ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಬೇಕಾದ ತಪ್ಪೇ ಅವರಿಗೆ ಕಾಣಲಿಲ್ಲ. ಡಾಕ್ಟರು ಕ್ಷಮಿಸಿದರು. ಅವರಿಬ್ಬರ ಮುಂದೆ ನಾನು ಬಾಯಿ ಬಿಟ್ಟಿದ್ದೇನೆ.

ಆದರೆ ನನ್ನ ಮಾತನ್ನು ಪೂರ್ತಿ ನಂಬಿದವರು ಒಬ್ಬರಿದ್ದರು. ನಂಬಿದ್ದರಿಂದಲೇ ಅವರ ಎದುರು ನಿಲ್ಲಲು ನನಗೆ ಆಗಲಿಲ್ಲ. ಭಾವ ಹೋದ ಮೇಲೂ ಅವರು ಬಹಳ ವರ್ಷ ಬದುಕಿದ್ದರು. ಕಾರ್ಯಗಳಲ್ಲಿ ಸಿಗುತ್ತಿದ್ದರು, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಸಲವೂ ಮುಂದಿನ ಸಲ ಎಂದುಕೊಂಡೆ. ಕೊನೆಗೆ ಬಾಯಿಗೆ ನೀರು ಬಿಡಲು ಹೋದಾಗ ಅವರಿಗೆ ಮಾತು ನಿಂತಿತ್ತು. ನನಗೆ ಮಾತಿತ್ತು. ಆಗಲೂ ಕ್ಷಮೆ ಕೇಳಲಿಲ್ಲ.

ಅಕ್ಕಿ ಆರಿಸುತ್ತ, ‘ಅವರ ಕಣ್ಣು ನೀ ಆಗಬೇಕು’ ಎಂದವಳು. ನನ್ನ ಅಕ್ಕ.